ಸೋಲಾರ್ ಪಾಠಕ್ಕೆ ಮೊದಲು ಬಿಸಿ, ಬೆಳಕು ಬೇರೆಯಾಗಬೇಕು

ಕಲಬುರಗಿ ಜಿಲ್ಲೆಯ ಹಳ್ಳಿ ಶಾಲೆಯಲ್ಲಿ ನಾಲ್ಕು, ಐದನೇ ತರಗತಿಗೆ ಪರಿಸರ ಅಧ್ಯಯನ ಹೇಳಿಕೊಡುತ್ತೇನೆ. ಪರ್ಯಾಯ ಇಂಧನ ಅಂದ ಕೂಡಲೇ ಸೌರಶಕ್ತಿ, ಪವನಶಕ್ತಿ ಅಂತ ಪಟ್ಟಿ ಬರೆಸುವುದು ಸುಲಭ. ನಾನು ಬರೆಸುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೀಮೆ ನಮ್ಮದು. ಅಂಗಳದ ಫರ್ಸಿ ಮೇಲೆ ಬರಿಗಾಲಲ್ಲಿ ಓಡಿದ ಮಕ್ಕಳಿಗೆ ಬಿಸಿಲು ಏನೆಂದು ಹೇಳಬೇಕಿಲ್ಲ. ಆದರೆ ಬಿಸಿಲಿನಲ್ಲಿ ಬಿಸಿಯೂ ಇದೆ, ಬೆಳಕೂ ಇದೆ, ಎರಡರ ಕೆಲಸ ಬೇರೆ ಬೇರೆ ಅನ್ನುವುದು ಅವರಿಗೆ ಹೊಳೆದಿರುವುದಿಲ್ಲ. ನನ್ನ ಪಾಠ ಅಲ್ಲಿಂದಲೇ ಶುರು.

ಮೊದಲು ಬಿಸಿ. ರಟ್ಟಿನ ಡಬ್ಬಿಯ ಒಳಗೆಲ್ಲ ಕಪ್ಪು ಕಾಗದ ಅಂಟಿಸಿ, ಒಂದು ಬಟ್ಟಲಲ್ಲಿ ಬೆಲ್ಲದ ಚೂರು ಇಡುತ್ತೇವೆ. ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಕಟ್ಟುತ್ತೇವೆ. ಗಾಜು ಬೇಡ, ಮಕ್ಕಳ ಕೈ. ಅಂಥದ್ದೇ ಇನ್ನೊಂದು ಬಟ್ಟಲನ್ನು ಪಕ್ಕದಲ್ಲಿ ಸುಮ್ನೆ ಬಿಸಿಲಿಗೆ ಇಡುತ್ತೇವೆ. ಡಬ್ಬಿಯೊಳಗಿನ ಬೆಲ್ಲ ಮೊದಲು ಮೆತ್ತಗಾಗುತ್ತದೆ. ಕಪ್ಪು ಬಣ್ಣ ಬಿಸಿಲನ್ನು ಹೀರಿತು, ಹಾಳೆ ಬಿಸಿಗಾಳಿಯನ್ನು ಹೊರಗೆ ಬಿಡಲಿಲ್ಲ. ಸೋಲಾರ್ ಕುಕ್ಕರ್ ಕೆಲಸ ಮಾಡುವುದೂ ಹೀಗೇ ಅಲ್ವಾ?

ಆಮೇಲೆ ಬೆಳಕು. ಅಂಗೈ ಅಗಲದ 6 ವೋಲ್ಟ್ ಸೋಲಾರ್ ಪ್ಲೇಟು, ಆಟಿಕೆಯ ಮೋಟರು, ಅದಕ್ಕೊಂದು ರೆಕ್ಕೆ. ಬಿಸಿಲಿಗೆ ಹಿಡಿದರೆ ಗಿರ್ರನೆ ತಿರುಗುತ್ತದೆ. ಕೈ ಅಡ್ಡ ಹಿಡಿದರೆ ನಿಲ್ಲುತ್ತದೆ. ಈಗ ಬಿಸಿಯೂಟದ ಅಡುಗೆಮನೆಯಿಂದ ಬಿಸಿನೀರಿನ ಪಾತ್ರೆ ತರಿಸಿ, ಕೋಣೆಯೊಳಗೆ ಅದರ ಮುಚ್ಚಳದ ಮೇಲೆ ಪ್ಲೇಟು ಇಡುತ್ತೇನೆ. ರೆಕ್ಕೆ ಅಲುಗುವುದಿಲ್ಲ. "ಇಷ್ಟು ಸುಡ್ತದ, ಯಾಕ ತಿರುಗವಲ್ದು ಸರ?" ಅಂತ ಒಬ್ಬ ಕೇಳುತ್ತಾನೆ. ನಾನು ಬಾಯಿ ಬಿಡುವುದಿಲ್ಲ. "ಬೆಳಕು ಬೇಕ್ರೀ!" ಅಂತ ಹಿಂದಿನ ಸಾಲಿನ ಹುಡುಗಿ ಕೂಗುವವರೆಗೆ ಕಾಯುತ್ತೇನೆ. ಈ ಕಾಯುವುದು ಬಹಳ ಮುಖ್ಯ. ಆ ಉತ್ತರ ಮಕ್ಕಳಿಂದಲೇ ಬರಬೇಕು.

ಐದನೇ ತರಗತಿಗೆ ಇನ್ನೊಂದು ಹೆಜ್ಜೆ. ಬಿಸಿಲಲ್ಲಿ ಕಾದ ಪ್ಲೇಟಿಗೆ ಮಲ್ಟಿಮೀಟರ್ ಹಚ್ಚಿ ವೋಲ್ಟ್ ಬರೆದುಕೊಳ್ಳುತ್ತೇವೆ. ಒದ್ದೆ ಬಟ್ಟೆಯಿಂದ ಒರೆಸಿ ತಣ್ಣಗೆ ಮಾಡಿ ಮತ್ತೆ ನೋಡಿದರೆ ಅಂಕಿ ಸ್ವಲ್ಪ ಏರಿರುತ್ತದೆ. ಸಿಲಿಕಾನ್‌ನಿಂದ ಮಾಡಿದ ಇಂಥ ಪ್ಲೇಟು ಎಷ್ಟು ವಾಟ್ ಕೊಡುತ್ತದೆ ಅನ್ನುವ ಲೆಕ್ಕ, ಪ್ಲೇಟು 25 ಡಿಗ್ರಿ ಬಿಸಿ ಇದ್ದಾಗಿನದು. ಅದಕ್ಕಿಂತ ಒಂದೊಂದು ಡಿಗ್ರಿ ಕಾದಂತೆ ಶಕ್ತಿ ಶೇ 0.3ರಿಂದ 0.5ರಷ್ಟು ಇಳಿಯುತ್ತದೆ. ಬಿಸಿಲು ಸುಟ್ಟಷ್ಟೂ ಕರೆಂಟ್ ಜಾಸ್ತಿ ಅಂದುಕೊಂಡ ಮಕ್ಕಳು ಇಲ್ಲಿ ಬೆರಗಾಗುತ್ತಾರೆ. ದೊಡ್ಡವರಿಗೂ ಇದು ಗೊತ್ತಿರಬೇಕು ಅನ್ನುವುದು ನನ್ನ ಆಸೆ.

ಗಾಳಿಗೆ ಕಾಗದದ ಚಕ್ರ ಸಾಕು. ಕಲ್ಲಿದ್ದಲಿಗೆ ರಾಯಚೂರಿನ ಶಕ್ತಿನಗರದ ಕರೆಂಟ್ ಸ್ಥಾವರದ ಹೆಸರು ಹೇಳುತ್ತೇನೆ. ಹೊರರಾಜ್ಯದಿಂದ ರೈಲಿನಲ್ಲಿ ಬಂದ ಕಲ್ಲಿದ್ದಲು ಅಲ್ಲಿ ಉರಿದು ಬೂದಿಯಾಗುತ್ತದೆ. ಒಮ್ಮೆ ಉರಿದದ್ದು ಮುಗಿಯಿತು. ಬಿಸಿಲು ನಾಳೆ ಮತ್ತೆ ಬರುತ್ತದೆ.

"ಮತ್ತ ರಾತ್ರಿ ಹೆಂಗ್ರೀ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಬೀದಿಯ ಸೋಲಾರ್ ದೀಪದ ಕಂಬಕ್ಕೆ ಕರೆದುಕೊಂಡು ಹೋಗಿ ಬ್ಯಾಟರಿ ಪೆಟ್ಟಿಗೆ ತೋರಿಸುತ್ತೇನೆ. ಮೋಡ ಕವಿದ ದಿನ ಆ ದೀಪ ಯಾಕೆ ಬೇಗ ಆರುತ್ತದೆ ಅನ್ನುವುದು ಅವರಿಗೆ ಮನೆಗೆಲಸ.