ಮಾವಿನ ಮಳೆಗೆ ಮುಂಚೆ ಒಂದ್ಸಲ ತಾರಸಿ ಹತ್ತಿ

ಯುಗಾದಿ ಮುಗಿಯಿತು ಅಂದರೆ ಬೆಂಗಳೂರಲ್ಲಿ ಮಾವಿನ ಮಳೆ ಯಾವತ್ತು ಬೇಕಾದರೂ ಸುರಿಯಬಹುದು. ತಾರಸಿಯ ಮಳೆ ನೀರನ್ನು ಫಿಲ್ಟರ್ ಮೂಲಕ ನೆಲದಡಿಯ ಸಂಪಿನಲ್ಲಿ ತುಂಬಿಸಿಕೊಳ್ಳುವವರು ಅಷ್ಟರೊಳಗೆ ತಾರಸಿ ಗುಡಿಸಿಬಿಡಿ. ಕಣ್ಣಿಗೆ ಕಾಣುವ ನಡುಭಾಗ ಮಾತ್ರ ಅಲ್ಲ, ಪೈಪಿನ ಬಾಯಿ, ಟ್ಯಾಂಕಿನ ಸಂದಿ, ಪಾರಿವಾಳ ಕೂರುವ ಮೂಲೆ, ಎಲ್ಲಾ. ಪಾರಿವಾಳದ ಹಿಕ್ಕೆ ನೀರಿನ ಜೊತೆ ಇಳಿದರೆ ಫಿಲ್ಟರಿನ ಜಲ್ಲಿ ಮರಳು ಅದನ್ನು ತಡೆಯುವುದಿಲ್ಲ, ಸಂಪಿನೊಳಕ್ಕೇ ಹೋಗುತ್ತದೆ.

ಮೊದಲ ಮಳೆಯ ನೀರಿಗೆ ಮಾತ್ರ ಆಸೆ ಪಡಬೇಡಿ. 1 ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 100 ಚದರ ಮೀಟರ್ ತಾರಸಿ ಆದರೆ ಮೊದಲ 200 ಲೀಟರ್ ಹೊರಗೆ ಬಿಡಿ, ಧೂಳೆಲ್ಲ ಅದರ ಜೊತೆಗೇ ಹೋಗುತ್ತದೆ. ಒಂದು ವರ್ಷ ನಾವು ಈ ಮೊದಲ ನೀರನ್ನು ಹೊರಗೆ ಬಿಡುವ ವಾಲ್ವ್ ತೆಗೆಯದೆ ಊರಿಗೆ ಹೋಗಿಬಿಟ್ಟಿದ್ದೆವು, ವಾಪಸ್ ಬಂದು ಮುಚ್ಚಳ ತೆಗೆದರೆ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ಕೊಳೆತ ಎಲೆಯ ವಾಸನೆ ಹೊಡೆಯುತ್ತಿತ್ತು, ಸಂಪು ಪೂರ್ತಿ ಖಾಲಿ ಮಾಡಿಸಿ ಉಜ್ಜಿಸಬೇಕಾಯಿತು. ಅಂಥ ಕೆಲಸಕ್ಕೆ ಮುಚ್ಚಳ ತುಂಬಾ ಹೊತ್ತು ತೆರೆದಿಟ್ಟು ಗಾಳಿಯಾಡಲು ಬಿಡಿ, ಒಬ್ಬರನ್ನೇ ಯಾವತ್ತೂ ಒಳಗೆ ಇಳಿಸಬೇಡಿ.

ಫಿಲ್ಟರ್ ಕಟ್ಟಿಕೊಂಡಿದೆಯಾ ಅಂತ ನೋಡೋದಕ್ಕೆ ಒಂದು ಬಕೆಟ್ ನೀರು ಸುರಿಯಿರಿ. ಸರಾಗವಾಗಿ ಇಳಿಯದೆ ಮೇಲೇ ನಿಂತರೆ ಜಲ್ಲಿ, ಮರಳು ಹೊರಗೆ ತೆಗೆದು ತೊಳೆದು ಬಿಸಿಲಿಗೆ ಹರಡಿ. ಇದ್ದಿಲು ಮಾತ್ರ ವರ್ಷಕ್ಕೊಮ್ಮೆ ಹೊಸದು ಹಾಕಿ. ಸಂಪಿನ ಓವರ್‌ಫ್ಲೋ ಪೈಪಿಗೆ ಸೊಳ್ಳೆ ಬಲೆ ಕಟ್ಟುವುದನ್ನು ಮರೆಯಬೇಡಿ, ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಲ್ಲೇ.

ಇನ್ನು ಬಚ್ಚಲ ನೀರು, ವಾಷಿಂಗ್ ಮಷೀನ್ ನೀರು. ಇದನ್ನು ಡ್ರಮ್ಮಲ್ಲಿ ತುಂಬಿಟ್ಟುಕೊಳ್ಳೋ ಅಭ್ಯಾಸ ಬೇಡವೇ ಬೇಡ. ಒಂದು ದಿನ ದಾಟಿದರೆ ನಾರುತ್ತದೆ. ಬಂದ ಹಾಗೇ ಗಿಡಕ್ಕೆ ಹರಿಯಲಿ. ನಮ್ಮಲ್ಲಿ ಪೈಪಿನ ಬಾಯಿಗೆ ಹಳೇ ನೈಲಾನ್ ಬಟ್ಟೆ ಕಟ್ಟಿದ್ದೇವೆ, ಕೂದಲು ನೂಲು ಅಲ್ಲೇ ಸಿಕ್ಕಿಕೊಳ್ಳುತ್ತದೆ, ವಾರಕ್ಕೊಮ್ಮೆ ಬಿಚ್ಚಿ ಕೊಡವಿದರೆ ಸಾಕು. ಅಲ್ಲಿಂದ ನೀರು ಜಲ್ಲಿ ತುಂಬಿದ ಗುಂಡಿಗೆ ಬರುತ್ತದೆ, ಅದರಲ್ಲಿ ಕಾಬಾಳೆ, ಕೆಸು ನೆಟ್ಟಿದ್ದೇವೆ. ಹೆಚ್ಚಾದದ್ದು ಬಾಳೆಯ ಬುಡಕ್ಕೆ. ಸೊಪ್ಪಿನ ಮಡಿಗೆ, ಹಸಿಯಾಗಿ ತಿನ್ನುವ ಯಾವುದಕ್ಕೂ ಈ ನೀರು ಬೇಡ. ಪಾತ್ರೆ ತೊಳೆದ ನೀರನ್ನೂ ಇದಕ್ಕೆ ಸೇರಿಸಬೇಡಿ, ಎಣ್ಣೆ ಜಿಡ್ಡು ಜಲ್ಲಿಯನ್ನು ಕಟ್ಟಿಸಿಬಿಡುತ್ತದೆ. ಬ್ಲೀಚ್ ಹಾಕಿ ಬಟ್ಟೆ ಒಗೆದ ದಿನ ಪೈಪನ್ನು ಚರಂಡಿ ಕಡೆ ತಿರುಗಿಸಿ.

ಮಣ್ಣಿನ ಮೇಲೆ ಬಿಳಿ ಪೊರೆ ಕಂಡರೆ ಸೋಪಿನ ಉಪ್ಪು ಜಾಸ್ತಿ ಆಗಿದೆ ಅಂತ. ಆಗ ಎರಡು ವಾರ ಬರೀ ಮಳೆ ನೀರನ್ನೇ ಧಾರಾಳವಾಗಿ ಹಾಯಿಸಿ, ಉಪ್ಪು ಕೆಳಕ್ಕೆ ಇಳಿಯುತ್ತದೆ.