ಮಡಿಕೇರಿಯಲ್ಲಿ ಕೂತು ಇಂಗ್ಲೆಂಡಿನ ಮನೆಗೆ ವಿನಾಯಿತಿ ತೆಗೆದುಕೊಂಡೆ

ಊರಿಗೆ ವಾಪಸ್ ಬಂದ ಮೇಲೂ ಇಂಗ್ಲೆಂಡಿನ ಮನೆ ಮಾರಲಿಲ್ಲ, ಬಾಡಿಗೆಗೆ ಬಿಟ್ಟೆವು. ಅಲ್ಲಿ ಮನೆಗಳಿಗೆ ಇಂಧನ ಬಳಕೆ ನೋಡಿ ಎ ಯಿಂದ ಜಿ ವರೆಗೆ ದರ್ಜೆ ಕೊಡುತ್ತಾರೆ. ಬಾಡಿಗೆ ಮನೆ ಕನಿಷ್ಠ ‘ಇ’ ಇರಬೇಕು. 2018ರ ಏಪ್ರಿಲ್‌ನಿಂದ ಹೊಸ ಕರಾರಿಗೆ, 2020ರ ಏಪ್ರಿಲ್‌ನಿಂದ ಹಳೇ ಬಾಡಿಗೆದಾರರಿಗೂ ಇದೇ ನಿಯಮ. ನಮ್ಮದು ಒಂದು ಮೆಟ್ಟಿಲು ಕೆಳಗೆ, ‘ಎಫ್’.

ಹಳೇ ಗೋಡೆ ಅಲ್ವಾ, ಶಾಖ ತಡೆಯುವ ಹಲಗೆ ಹಾಕೋಕಾಗಲ್ಲ, ಈ ನಿಯಮದಿಂದ ವಿನಾಯಿತಿ ಇದ್ದೇ ಇರುತ್ತೆ ಎಂದರು ಅಲ್ಲಿನ ಏಜೆಂಟ್. ನಂಬಿ ಸುಮ್ನೆ ಕೂತೆ. ಅದೇ ತಪ್ಪು. ವಿನಾಯಿತಿ ತಾನಾಗಿ ಬರುವುದಿಲ್ಲ, ಸರ್ಕಾರದ ರಿಜಿಸ್ಟರಿನಲ್ಲಿ ಮಾಲೀಕರೇ ದಾಖಲಿಸಬೇಕು. ತಪ್ಪಿದರೆ ದಂಡ 5,000 ಪೌಂಡ್‌ವರೆಗೆ ಹೋಗಬಹುದು. ಗೋಡೆ ಒಂದನ್ನು ಮುಟ್ಟಲಾಗದು ಅಂತ ಉಳಿದ ಕೆಲಸ ಬಿಡುವಂತೆಯೂ ಇಲ್ಲ. ತೆರಿಗೆ ಸೇರಿ 3,500 ಪೌಂಡ್ ಮಿತಿಯೊಳಗೆ ಆಗುವುದನ್ನು ಮಾಡಿಸಲೇಬೇಕು. ಅಟ್ಟದಲ್ಲಿ 270 ಮಿಲಿಮೀಟರ್ ದಪ್ಪದ ಉಣ್ಣೆಯಂಥ ಹಾಸು ಹಾಕಿಸಿದೆವು, ಬಲ್ಬ್ ಬದಲಾಯಿಸಿದೆವು. ಆದರೂ ‘ಎಫ್’.

ಉಳಿದದ್ದು ಗೋಡೆಯೇ. ನಡುವೆ ಟೊಳ್ಳಿಲ್ಲದ ಗಟ್ಟಿ ಇಟ್ಟಿಗೆ ಗೋಡೆ. ಒಳಗಡೆಯಿಂದ ಶಾಖ ತಡೆಯುವ ಹಲಗೆ ಹೊಡೆದರೆ ತೇವ ಸಿಕ್ಕಿಬಿದ್ದು ಗೋಡೆ ಹಾಳಾಗುತ್ತದೆ ಎಂದರು ಕಟ್ಟಡ ಪರೀಕ್ಷಿಸಲು ಬಂದ ಸರ್ವೇಯರ್. ನನಗೆ ತಕ್ಷಣ ಅರ್ಥವಾಯಿತು. ಸೋಮವಾರಪೇಟೆ ಕಡೆ ನಮ್ಮ ಅಜ್ಜಿಮನೆಯ ಮಣ್ಣುಗೋಡೆಗೆ ಮಾವ ಒಮ್ಮೆ ಆಯಿಲ್ ಪೇಂಟ್ ಬಳಿಸಿದ್ದರು. ಆ ಮಳೆಗಾಲದ ಆಟಿ ತಿಂಗಳಲ್ಲೇ ಪೇಂಟು ಹಪ್ಪಳದ ಹಾಗೆ ಉಬ್ಬಿತು. ಬೆರಳಿಂದ ಒತ್ತಿದರೆ ಒಳಗಿಂದ ನೀರು. ಮುಂದಿನ ಬೇಸಿಗೆಯಲ್ಲಿ ಎಲ್ಲ ಕೆರೆದು ಮತ್ತೆ ಸುಣ್ಣ ಬಳಿದರು.

ಆದರೆ ಬಾಯಿಮಾತು ನಡೆಯುವುದಿಲ್ಲ. ಆರ್ಕಿಟೆಕ್ಟ್, ಸರ್ವೇಯರ್ ಅಥವಾ ಇಂಥ ಹಲಗೆ ಹಾಕುವ ಸ್ವತಂತ್ರ ಕೆಲಸಗಾರರಿಂದ ಬರಹದಲ್ಲಿ ಅಭಿಪ್ರಾಯ ಬೇಕು. ನಮ್ಮ ಸರ್ವೇಯರ್ ಮೊದಲು ಕಳಿಸಿದ್ದು ‘ಗೋಡೆಗೆ ಇದು ಸೂಕ್ತವಲ್ಲ’ ಎಂಬ ಒಂದೇ ಸಾಲು. ಯಾವ ಗೋಡೆ, ಏನು ಹಾನಿ, ಯಾಕೆ ಅಂತ ಬಿಡಿಸಿ ಬರೆಸಿಕೊಂಡೆ. ಜುಲೈ ಮಳೆಗೆ ಎರಡು ದಿನ ಕರೆಂಟ್ ಇರಲಿಲ್ಲ. ಬಂದ ಸಂಜೆಯೇ ಪತ್ರ, ಮನೆಯ ದರ್ಜೆಯ ಸರ್ಟಿಫಿಕೇಟ್ ಎರಡೂ ರಿಜಿಸ್ಟರಿಗೆ ಏರಿಸಿದೆ. ಶುಲ್ಕವೇನೂ ಇಲ್ಲ.

ಸಿಕ್ಕಿದ್ದು ಐದು ವರ್ಷಕ್ಕೆ. ಮನೆ ಮಾರಿದರೆ ಕೊಂಡವರಿಗೆ ಇದು ದಾಟುವುದಿಲ್ಲ. ವಿನಾಯಿತಿ ನನಗೆ ಸಿಕ್ಕಿತು, ಚಳಿ ಮಾತ್ರ ಬಾಡಿಗೆಯವರಿಗೇ ಉಳಿಯಿತು. ಕಿಟಕಿಗೆ ದಪ್ಪ ಪರದೆ ಹಾಕಿಸಿಕೊಡಿ ಎಂದು ಕೇಳಿದ್ದಾರೆ. ಈ ವಾರ ದುಡ್ಡು ಕಳಿಸಬೇಕು.