ಏಳನೇ ಕ್ಲಾಸು ಮುಗೀತು, ಮಗಳಿಗೆ ಯಾವ ಹೈಸ್ಕೂಲು?

ಖಾಸಗಿ ಶಾಲೆಗಳ ಅಡ್ಮಿಶನ್ ಚಳಿಗಾಲದಲ್ಲೇ ಶುರುವಾಗುತ್ತದೆ. ಸರ್ಕಾರಿ ಹೈಸ್ಕೂಲಿನ ದಾಖಲಾತಿ ಮೇ ಕೊನೆ, ಜೂನ್ ಹೊತ್ತಿಗೆ. ನಡುವಿನ ತಿಂಗಳುಗಳಲ್ಲಿ ಏಳನೇ ಕ್ಲಾಸಿನ ಹುಡುಗಿ ಇರುವ ಮನೆಯಲ್ಲಿ ಇದೇ ಮಾತು. ಸರ್ಕಾರಿ ಶಾಲೆಗೆ ಹಾಕೋಣವಾ, ಸಾಲ ಮಾಡಿಯಾದರೂ ಖಾಸಗಿಗೆ ಹಾಕೋಣವಾ? ನೆಂಟರದ್ದು ಒಂದು ಅಭಿಪ್ರಾಯ, ಪಕ್ಕದ ಮನೆಯವರದ್ದು ಇನ್ನೊಂದು.

ನನ್ನ ಪ್ರಕಾರ ನೋಡಬೇಕಾದದ್ದು ಒಂದೇ. ಯಾವ ಶಾಲೆಯಿಂದ ಹೊರಟರೆ ಮಗಳು ಎಸ್ಸೆಸ್ಸೆಲ್ಸಿ ದಾಟಿ ಪಿಯುಸಿ, ಡಿಗ್ರಿವರೆಗೂ ನಿಲ್ಲದೆ ಓದುತ್ತಾಳೆ? ಅದಕ್ಕೆ ಪಾಠ ಗಟ್ಟಿಯಾಗಿರಬೇಕು, ದಿನಾ ಹೋಗಿ ಬರುವ ದಾರಿ ಸಲೀಸಾಗಿರಬೇಕು, ಹತ್ತನೇ ಕ್ಲಾಸು ಮುಗಿದ ಮೇಲೂ ಕೈಯಲ್ಲಿ ಒಂದಿಷ್ಟು ದುಡ್ಡು ಉಳಿದಿರಬೇಕು. ಬೋರ್ಡಿನ ಮೇಲೆ 'ಸರ್ಕಾರಿ' ಅಂತಿದೆಯೋ 'ಇಂಟರ್‌ನ್ಯಾಷನಲ್' ಅಂತಿದೆಯೋ ಅನ್ನುವುದು ಆಮೇಲಿನ ಮಾತು.

ಶಾಲೆ ನೋಡಲು ಹೊರಡುವ ಮೊದಲು ಮನೆಯಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಿ. ಮಗ ಆಗಿದ್ದರೂ ಇದೇ ಶಾಲೆಗೆ ಹಾಕುತ್ತಿದ್ದೆವಾ? ಅಣ್ಣನನ್ನು ಕಾನ್ವೆಂಟಿಗೆ ಕಳಿಸಿ, 'ಅವಳಿಗೆ ಊರಿನ ಶಾಲೆ ಸಾಕು' ಅನ್ನುವ ಮನೆಗಳು ಇವತ್ತಿಗೂ ಇವೆ. ಓದಿನಲ್ಲಿ ಅಣ್ಣನಿಗಿಂತ ಚುರುಕಾಗಿರುವ ಹುಡುಗಿಗೂ ಹೀಗೆ ಆಗುತ್ತದೆ. ಇದು ಅನ್ಯಾಯ. ಊರಿನ ಶಾಲೆ ನಿಜಕ್ಕೂ ಚೆನ್ನಾಗಿದ್ದರೆ ಇಬ್ಬರಿಗೂ ಅದೇ ಇರಲಿ.

1. ಮೊದಲು ಪಟ್ಟಿ ಮಾಡಿ

ಸರ್ಕಾರಿ, ಖಾಸಗಿ ಅಂತ ಎರಡೇ ದಾರಿ ಅಂದುಕೊಳ್ಳಬೇಡಿ. ನಿಮ್ಮ ಊರಿನ ಸುತ್ತ ಇರುವ ಎಲ್ಲ ಹೈಸ್ಕೂಲುಗಳನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಸರ್ಕಾರಿ ಪ್ರೌಢಶಾಲೆ, ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಡೆ ಇರುವ ಕರ್ನಾಟಕ ಪಬ್ಲಿಕ್ ಶಾಲೆ, ಅನುದಾನಿತ ಶಾಲೆ, ಅನುದಾನ ರಹಿತ ಖಾಸಗಿ ಶಾಲೆ, ಅದರಲ್ಲಿ ಸ್ಟೇಟ್ ಸಿಲಬಸ್ ಬೇರೆ, ಸಿಬಿಎಸ್ಇ ಬೇರೆ. ಅನುದಾನಿತ ಶಾಲೆಗಳನ್ನು ಜನ ಮರೆತೇ ಬಿಡುತ್ತಾರೆ. ನಡೆಸುವುದು ಖಾಸಗಿ ಆಡಳಿತ ಮಂಡಳಿ, ಶಿಕ್ಷಕರ ಸಂಬಳ ಸರ್ಕಾರದ್ದು. ಹಳೆಯ ಊರುಗಳಲ್ಲಿ ಹೆಸರಾದ ಹೆಣ್ಣುಮಕ್ಕಳ ಹೈಸ್ಕೂಲುಗಳಲ್ಲಿ ಅನುದಾನಿತವೂ ಇವೆ. ಆದರೆ ನಿವೃತ್ತರಾದವರ ಜಾಗಕ್ಕೆ ಬೇರೆಯವರು ಬಂದಿದ್ದಾರಾ ಅಂತ ಕೇಳಿ. ಹುದ್ದೆ ವರ್ಷಗಟ್ಟಲೆ ಖಾಲಿ ಬಿದ್ದಿರುವುದೂ ಉಂಟು.

ಮನೆಯಲ್ಲಿ ಐದನೇ ಕ್ಲಾಸಿನ ತಂಗಿ ಇದ್ದರೆ ಇದನ್ನೂ ಬರೆದಿಟ್ಟುಕೊಳ್ಳಿ. ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ನವೋದಯ, ಇವೆಲ್ಲಕ್ಕೂ ಮುಖ್ಯ ಪ್ರವೇಶ ಆರನೇ ಕ್ಲಾಸಿಗೇ. ಅರ್ಜಿ ಹಾಕಬೇಕಾದದ್ದು ಐದರಲ್ಲಿ ಓದುವಾಗ. ಏಳು ಮುಗಿದ ಮೇಲೆ ಕೇಳಿದರೆ ಸಾಮಾನ್ಯವಾಗಿ ತಡವಾಗಿರುತ್ತದೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 625 ತೆಗೆದು ರಾಜ್ಯಕ್ಕೇ ಮೊದಲಿಗಳಾದದ್ದು ಬಾಗಲಕೋಟೆ ಜಿಲ್ಲೆಯ ಒಂದು ಮೊರಾರ್ಜಿ ಶಾಲೆಯ ಹುಡುಗಿ. ಸರ್ಕಾರಿ ಅಂದ ಕೂಡಲೇ ಮೂಗು ಮುರಿಯುವವರಿಗೆ ಇದನ್ನು ನೆನಪಿಸಿ.

2. ಮಾನ್ಯತೆ ಎಲ್ಲಿಯವರೆಗೆ?

ಖಾಸಗಿ ಶಾಲೆಯಾದರೆ ಇದನ್ನು ಕೇಳದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕೆಲವು ಶಾಲೆಗಳಿಗೆ ಅನುಮತಿ ಎಂಟನೇ ಕ್ಲಾಸಿನವರೆಗೆ ಮಾತ್ರ ಇರುತ್ತದೆ. ಒಂಬತ್ತು, ಹತ್ತನ್ನೂ ನಡೆಸಿ, ಪರೀಕ್ಷೆಗೆ ಮಕ್ಕಳ ಹೆಸರನ್ನು ಬೇರೆ ಶಾಲೆಯಿಂದ ಕಟ್ಟಿಸುತ್ತಾರೆ. ಇನ್ನು ಕೆಲವು ಕಡೆ ಸಿಬಿಎಸ್ಇ ಅಂತ ದೊಡ್ಡ ಬೋರ್ಡು ಇರುತ್ತದೆ, ಕೈಯಲ್ಲಿರುವುದು ರಾಜ್ಯ ಪಠ್ಯಕ್ರಮದ ಅನುಮತಿ. ಪ್ರತಿ ಶಾಲೆಗೂ ಸರ್ಕಾರ ಕೊಡುವ 11 ಅಂಕಿಯ ಯು-ಡೈಸ್ ಸಂಖ್ಯೆ, ಎಸ್ಸೆಸ್ಸೆಲ್ಸಿ ಶಾಲಾ ಕೋಡ್ ಅಥವಾ ಸಿಬಿಎಸ್ಇ ಸಂಯೋಜನೆ ಸಂಖ್ಯೆ ಬರೆದುಕೊಂಡು ಬನ್ನಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿದರೆ ಗೊತ್ತಾಗುತ್ತದೆ. ಸಿಬಿಎಸ್ಇ ಶಾಲೆಯದ್ದಾದರೆ ಮಂಡಳಿಯ ವೆಬ್‌ಸೈಟಿನಲ್ಲೇ ನೋಡಬಹುದು. ಸಂಖ್ಯೆ ಕೊಡಲು ಹಿಂದೆಮುಂದೆ ನೋಡಿದರೆ ಆ ಶಾಲೆಯನ್ನು ಪಟ್ಟಿಯಿಂದ ಹೊಡೆದುಹಾಕಿ.

3. ಮಾಧ್ಯಮ ಯಾವುದು?

ಏಳರವರೆಗೆ ಕನ್ನಡದಲ್ಲಿ ಓದಿದ ಹುಡುಗಿಯನ್ನು ಎಂಟಕ್ಕೆ ಒಮ್ಮೆಗೇ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೆ ಏನಾಗುತ್ತದೆ? ಕೆಲವರು ಆರು ತಿಂಗಳಲ್ಲಿ ಹೊಂದಿಕೊಳ್ಳುತ್ತಾರೆ. ಕೆಲವರು ವಿಜ್ಞಾನ, ಸಮಾಜದ ಉತ್ತರಗಳನ್ನು ಅರ್ಥವಾಗದೆ ಉರು ಹೊಡೆಯಲು ಶುರುಮಾಡುತ್ತಾರೆ. ಹಾಗಂತ ಕನ್ನಡ ಮಾಧ್ಯಮದಲ್ಲೇ ಮುಂದುವರಿದು ಪಿಯುಸಿ ಸೈನ್ಸ್ ತಗೊಂಡರೆ ಈ ಕಷ್ಟ ಅಲ್ಲಿ ಬರುತ್ತದೆ, ಯಾಕೆಂದರೆ ಅಲ್ಲಿ ಪಾಠ ಇಂಗ್ಲಿಷಿನಲ್ಲಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಎಂಟನೇ ಕ್ಲಾಸಿನ ವಿಜ್ಞಾನ ಪುಸ್ತಕ ಎರಡೂ ಮಾಧ್ಯಮದಲ್ಲಿ ಪುಕ್ಕಟೆ ಸಿಗುತ್ತದೆ. ಮೊಬೈಲಿಗೆ ಇಳಿಸಿಕೊಳ್ಳಿ. ಇಂಗ್ಲಿಷಿನ ಒಂದು ಪುಟವನ್ನು ಮಗಳು ಓದಲಿ, ಅರ್ಥವಾದದ್ದನ್ನು ಕನ್ನಡದಲ್ಲಿ ಹೇಳಲಿ. ಅರ್ಧದಷ್ಟು ಹೇಳಿದರೂ ಇಂಗ್ಲಿಷ್ ಮಾಧ್ಯಮದ ಬಗ್ಗೆ ಧೈರ್ಯ ಮಾಡಬಹುದು. ಏನೂ ತಿಳಿಯದಿದ್ದರೆ ಕನ್ನಡ ಮಾಧ್ಯಮದಲ್ಲೇ ಇಟ್ಟು, ಮೂರು ವರ್ಷ ಇಂಗ್ಲಿಷ್ ಭಾಷೆಯನ್ನು ಚೆನ್ನಾಗಿ ಕಲಿಸಿ. ಈಗ ಎಷ್ಟೋ ಸರ್ಕಾರಿ ಹೈಸ್ಕೂಲುಗಳಲ್ಲೂ ಇಂಗ್ಲಿಷ್ ಮಾಧ್ಯಮದ ವಿಭಾಗ ಇದೆ. ಇಂಗ್ಲಿಷ್ ಬೇಕು ಅನ್ನುವ ಒಂದೇ ಕಾರಣಕ್ಕೆ ಖಾಸಗಿಗೆ ಓಡಬೇಕಾಗಿಲ್ಲ.

ಹಳ್ಳಿಯವರು ಇನ್ನೊಂದು ವಿಷಯ ತಿಳಿದಿರಬೇಕು. ಇಂಜಿನಿಯರಿಂಗ್‌ನಂಥ ಕೋರ್ಸುಗಳ ಸೀಟಿಗೆ ನಡೆಯುವ ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ 15%. ಆದರೆ 1ರಿಂದ 10ರವರೆಗೆ ಹತ್ತೂ ವರ್ಷ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬೇರೆ 5% ಇದೆ. ರಾಜ್ಯ ಸರ್ಕಾರದ ನೇಮಕಾತಿಯಲ್ಲೂ ಕನ್ನಡ ಮಾಧ್ಯಮದ ಅಭ್ಯರ್ಥಿಗಳಿಗೆ 5% ಮೀಸಲು ಇದೆ. ಏಳು ವರ್ಷ ಊರಲ್ಲಿ ಓದಿಸಿ, ಎಂಟಕ್ಕೆ ಪೇಟೆಯ ಶಾಲೆಗೆ ಸೇರಿಸಿದರೆ ಗ್ರಾಮೀಣ ಮೀಸಲಾತಿ ಕೈತಪ್ಪುತ್ತದೆ. ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಐದು ವರ್ಷ ಆದ ಮೇಲೆ ಇಂಜಿನಿಯರಿಂಗ್ ಸೀಟಿನ ಅರ್ಜಿ ತುಂಬುವಾಗ ಗೊತ್ತಾಗುತ್ತದೆ.

4. ಹೋಗಿ ನೋಡಿ, ಶಾಲೆ ನಡೆಯುವ ದಿನವೇ

ಇದೇ ಮುಖ್ಯ. ಅಡ್ಮಿಶನ್ ದಿನ ಎಲ್ಲ ಶಾಲೆಯೂ ಚೆಂದ ಕಾಣುತ್ತದೆ. ಮಾಮೂಲಿ ಒಂದು ದಿನ, ಹೆಡ್ಮಾಸ್ಟರ ಅನುಮತಿ ಕೇಳಿ ಹೋಗಿ. ತಾಯಿ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಶಿಕ್ಷಕರಿಂದ ಶುರುಮಾಡಿ. ಹೈಸ್ಕೂಲಿನಲ್ಲಿ ವಿಷಯಕ್ಕೊಬ್ಬ ಶಿಕ್ಷಕರು ಬೇಕು. ಗಣಿತ, ಭೌತವಿಜ್ಞಾನಕ್ಕೆ ಡಿಗ್ರಿಯಲ್ಲಿ ಪಿಸಿಎಂ (ಭೌತ, ರಸಾಯನ, ಗಣಿತ) ಓದಿದವರು, ಜೀವವಿಜ್ಞಾನಕ್ಕೆ ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಓದಿದವರು, ಇಂಗ್ಲಿಷಿಗೆ ಬೇರೆಯವರು. ಸರ್ಕಾರಿ ಶಾಲೆಯಲ್ಲಿ ಕೇಳಬೇಕಾದದ್ದು ಇದು: ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಖಾಲಿ ಜಾಗಕ್ಕೆ ಅತಿಥಿ ಶಿಕ್ಷಕರು ಯಾವ ತಿಂಗಳು ಬಂದರು? ಪಿಸಿಎಂ ಹುದ್ದೆ ಖಾಲಿ ಇದ್ದು, ಅತಿಥಿ ಶಿಕ್ಷಕರೂ ಇಲ್ಲದಿದ್ದರೆ ಆ ಶಾಲೆ ಬಗ್ಗೆ ಎರಡು ಸಾರಿ ಯೋಚಿಸಿ. ಚುನಾವಣೆ, ಸಮೀಕ್ಷೆ ಅಂತ ಸರ್ಕಾರಿ ಶಿಕ್ಷಕರು ಹೊರಗೆ ಹೋಗಬೇಕಾಗುತ್ತದೆ ಅನ್ನುವುದೂ ನಿಜ. 2025ರಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆ ಅಕ್ಟೋಬರ್ 18ರವರೆಗೂ ಎಳೆಯಿತು. ತಪ್ಪಿದ ಪಾಠವನ್ನು ಹೇಗೆ ಮುಗಿಸಿದಿರಿ ಅಂತ ಕೇಳಿ. ಒಳ್ಳೆಯ ಹೆಡ್ಮಾಸ್ಟರ ಹತ್ತಿರ ಅದಕ್ಕೆ ಸ್ಪಷ್ಟ ಉತ್ತರ ಇರುತ್ತದೆ.

ಖಾಸಗಿ ಶಾಲೆಯಲ್ಲಿ ಪ್ರಶ್ನೆ ಬೇರೆ. ಈ ಗಣಿತದ ಮೇಡಂ ಇಲ್ಲಿ ಎಷ್ಟು ವರ್ಷದಿಂದ ಇದ್ದಾರೆ? ಬಿ.ಎಡ್ ಆಗಿದೆಯಾ? ಸಂಬಳ ಕಡಿಮೆ ಇರುವ ಕಡೆ ಶಿಕ್ಷಕರು ವರ್ಷದ ನಡುವೆಯೇ ಬಿಟ್ಟು ಹೋಗುತ್ತಾರೆ. ಮೂರು ವರ್ಷದಲ್ಲಿ ನಾಲ್ಕು ಜನ ಗಣಿತ ಹೇಳಿಕೊಟ್ಟರೆ ಮಕ್ಕಳಿಗೆ ಏನು ಬರುತ್ತದೆ?

ಆಮೇಲೆ ಒಂಬತ್ತನೇ ಕ್ಲಾಸಿನ ಯಾವುದಾದರೂ ಹುಡುಗಿಯ ವಿಜ್ಞಾನದ ನೋಟ್‌ಬುಕ್ ಕೇಳಿ ತಿರುವಿ ನೋಡಿ. ಎಲ್ಲ ಮಕ್ಕಳ ಉತ್ತರವೂ ಪದಪದಕ್ಕೆ ಒಂದೇ ಇದ್ದರೆ ಗೈಡ್ ನೋಡಿ ಬರೆಸಿದ್ದು ಅಂತ ಲೆಕ್ಕ. ಪ್ರತಿ ಪುಟದ ಕೊನೆಗೆ ಕೆಂಪು ಟಿಕ್ ಇದ್ದು, ನಡುವೆ ಇರುವ ತಪ್ಪುಗಳು ಹಾಗೇ ಉಳಿದಿದ್ದರೆ ಯಾರೂ ಓದಿಲ್ಲ ಅಂತ. ಚಿತ್ರದಲ್ಲಿ ಭಾಗದ ಹೆಸರು ತಪ್ಪಿದ ಕಡೆ ಗೆರೆ ಎಳೆದು ಪಕ್ಕದಲ್ಲಿ ಸರಿ ಬರೆದಿದ್ದರೆ, ಮುಂದಿನ ಪುಟದಲ್ಲಿ ಹುಡುಗಿ ಅದನ್ನು ಮತ್ತೆ ಬರೆದಿದ್ದರೆ, ಆ ಶಾಲೆಯಲ್ಲಿ ಪಾಠ ನಡೆಯುತ್ತಿದೆ. ಸ್ಮಾರ್ಟ್ ಬೋರ್ಡಿಗಿಂತ ಈ ನೋಟ್‌ಬುಕ್ಕನ್ನು ನಾನು ಜಾಸ್ತಿ ನಂಬುತ್ತೇನೆ.

ಕೊನೆಗೆ ಹೆಣ್ಣುಮಕ್ಕಳ ಶೌಚಾಲಯ. ಸಂಕೋಚ ಬೇಡ, ತಾಯಿ ಒಳಗೆ ಹೋಗಿಯೇ ನೋಡಲಿ. ನಲ್ಲಿ ತಿರುಗಿಸಿದರೆ ನೀರು ಬರುತ್ತದಾ? ಒಳಗಿನ ಚಿಲಕ ಕೂರುತ್ತದಾ? ಮುಟ್ಟಿನ ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ ಇದೆಯಾ? ಬೀಗ ಹಾಕಿದ್ದರೆ ಕೀಲಿ ಯಾರ ಹತ್ತಿರ ಇರುತ್ತದೆ? ಸ್ಟಾಫ್ ರೂಮಿಗೆ ಹೋಗಿ ಗಂಡು ಮೇಷ್ಟ್ರ ಹತ್ತಿರ ಕೀಲಿ ಕೇಳಬೇಕಾದರೆ ಹದಿಮೂರು ವರ್ಷದ ಹುಡುಗಿ ಕೇಳುವುದಿಲ್ಲ. ಬೆಳಗ್ಗೆಯಿಂದ ನೀರೇ ಕುಡಿಯದೆ ಕೂರುತ್ತಾಳೆ. ತಿಂಗಳಲ್ಲಿ ಮೂರು ದಿನ ರಜೆ ಹಾಕುತ್ತಾಳೆ. ಗಣಿತದಲ್ಲಿ ಮೂರು ದಿನದ ಪಾಠ ತಪ್ಪಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಶುಚಿ ಯೋಜನೆಯಲ್ಲಿ ಪ್ಯಾಡುಗಳು ಬರುತ್ತಿವೆಯಾ ಅಂತ ಸರ್ಕಾರಿ ಶಾಲೆಯಲ್ಲಿ ಕೇಳಿ. ಖಾಸಗಿಯಲ್ಲಿ, ಶಾಲೆಯಲ್ಲೇ ಮುಟ್ಟಾದರೆ ಯಾರ ಹತ್ತಿರ ಹೋಗಬೇಕು ಅಂತ ಕೇಳಿ. ಲಕ್ಷ ರೂಪಾಯಿ ಫೀಸಿನ ಶಾಲೆಯಲ್ಲೂ ಇದಕ್ಕೆ ಉತ್ತರ ಇಲ್ಲದೆ ಇರಬಹುದು.

5. 'ನೂರಕ್ಕೆ ನೂರು ಫಲಿತಾಂಶ' ಬ್ಯಾನರನ್ನು ಹೇಗೆ ಓದಬೇಕು

ಗೇಟಿನ ಮೇಲಿನ ಟಾಪರ್‌ಗಳ ಫೋಟೋ ನಿಜವೇ ಇರಬಹುದು. ಆದರೆ ನಿಮಗೆ ಬೇಕಾದ ಲೆಕ್ಕ ಬೇರೆ. ಎರಡು ವರ್ಷದ ಹಿಂದೆ ಎಂಟನೇ ಕ್ಲಾಸಿನಲ್ಲಿ ಎಷ್ಟು ಮಕ್ಕಳಿದ್ದರು, ಈ ವರ್ಷ ಎಸ್ಸೆಸ್ಸೆಲ್ಸಿ ಬರೆದವರು ಎಷ್ಟು? ಅರವತ್ತು ಇದ್ದವರು ನಲವತ್ತೈದಾಗಿದ್ದರೆ ಉಳಿದ ಹದಿನೈದು ಮಕ್ಕಳು ಎಲ್ಲಿ ಹೋದರು? ಹಿಂದೆ ಬಿದ್ದ ಮಕ್ಕಳಿಗೆ ಒಂಬತ್ತರಲ್ಲೇ ಟಿಸಿ ಕೊಟ್ಟು ಕಳಿಸುವ ಶಾಲೆಗಳಿವೆ. ನಿಮ್ಮ ಮಗಳು ಒಂದು ವರ್ಷ ಎಡವಿದರೆ ಆ ಶಾಲೆ ಅವಳನ್ನು ಹಿಡಿದು ನಿಲ್ಲಿಸುವುದಿಲ್ಲ.

ಗಣಿತ, ವಿಜ್ಞಾನದಲ್ಲಿ ನಡುವಿನ ಮಕ್ಕಳಿಗೆ ಎಷ್ಟು ಬಂತು ಅಂತಲೂ ಕೇಳಿ. 625ರಲ್ಲಿ ಪ್ರಥಮ ಭಾಷೆಯೊಂದಕ್ಕೇ 125 ಅಂಕ. ಜೊತೆಗೆ ಆಂತರಿಕ ಅಂಕ ಕೊಡುವುದು ಶಾಲೆಯವರೇ. ಹಾಗಾಗಿ ಒಟ್ಟು ಶೇಕಡಾವಾರು ನೋಡಿದರೆ ಗಣಿತ ಎಷ್ಟು ಗಟ್ಟಿ ಅಂತ ಗೊತ್ತಾಗುವುದಿಲ್ಲ.

6. ದಾರಿ

ಶಾಲೆ ಬಿಡುವ ಹೊತ್ತಿಗೆ ನೀವೇ ಒಂದು ದಿನ ಆ ದಾರಿಯಲ್ಲಿ ಬನ್ನಿ. ಬಸ್ಸು ಎಷ್ಟು ಹೊತ್ತಿಗೆ, ನಿಲ್ದಾಣದಿಂದ ಮನೆಗೆ ಎಷ್ಟು ದೂರ ನಡೆಯಬೇಕು, ಸ್ಪೆಷಲ್ ಕ್ಲಾಸ್ ಮುಗಿದ ಮೇಲೆ ಬಸ್ಸು ಇದೆಯಾ? 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಪಕ್ಕದ ಊರಿನ ಒಳ್ಳೆಯ ಸರ್ಕಾರಿ ಹೈಸ್ಕೂಲು ಇದರಿಂದ ಹತ್ತಿರವಾಗಿದೆ. ಖಾಸಗಿ ವ್ಯಾನ್ ಆದರೆ ಮಹಿಳಾ ಸಹಾಯಕಿ ಇದ್ದಾರಾ, ಕೊನೆಗೆ ಇಳಿಯುವ ಮಗು ಯಾರು ಅಂತ ಕೇಳಿ. ಮಕ್ಕಳ ಸಹಾಯವಾಣಿ 1098 ಮಗಳಿಗೆ ಬಾಯಿಪಾಠ ಇರಲಿ. ಯಾವ ಶಾಲೆಯಾದರೂ ಸರಿ, ತೊಂದರೆ ಆದರೆ ಮೊದಲು ಮನೆಯಲ್ಲಿ ಹೇಳು, ಶಾಲೆ ಬಿಡಿಸುವುದಿಲ್ಲ ಅಂತ ಅವಳಿಗೆ ಮಾತು ಕೊಡಿ. ಓದು ನಿಂತುಹೋಗುತ್ತದೆ ಅನ್ನುವ ಭಯಕ್ಕೇ ಎಷ್ಟೋ ಹುಡುಗಿಯರು ಸುಮ್ನಿರುತ್ತಾರೆ.

7. ದುಡ್ಡಿನ ಲೆಕ್ಕ ಐದು ವರ್ಷಕ್ಕೆ ಹಾಕಿ

ಉದಾಹರಣೆಗೆ ಎಂಟನೇ ಕ್ಲಾಸಿನ ಫೀಸು 60,000 ಅಂದುಕೊಳ್ಳೋಣ. ವರ್ಷಕ್ಕೆ 10% ಏರಿದರೆ ಮೂರು ವರ್ಷಕ್ಕೆ 1,98,600. ವ್ಯಾನಿಗೆ ತಿಂಗಳಿಗೆ 1,800ರಂತೆ ಹತ್ತು ತಿಂಗಳು, ಮೂರು ವರ್ಷಕ್ಕೆ 54,000. ಪುಸ್ತಕ, ಯೂನಿಫಾರ್ಮು, ಶೂ ವರ್ಷಕ್ಕೆ 9,000 ಹಿಡಿದರೆ 27,000. ಹತ್ತರಲ್ಲಿ ಟ್ಯೂಶನ್ನಿಗೆ 15,000. ಒಟ್ಟು 2,94,600. ಮೂರು ಲಕ್ಷದ ಹತ್ತಿರ. ಆಮೇಲೆ ಪಿಯುಸಿ ಎರಡು ವರ್ಷ, ಅದರ ಕೋಚಿಂಗ್. ಮೂರು ಲಕ್ಷ ಇಲ್ಲೇ ಖರ್ಚಾಗಿ, ಪಿಯುಸಿ ಹೊತ್ತಿಗೆ 'ಇನ್ನು ನಮ್ಮ ಕೈಲಿ ಆಗಲ್ಲ' ಅನ್ನುವಂತಾದರೆ ಆ ಖಾಸಗಿ ಶಾಲೆಯಿಂದ ಮಗಳಿಗೆ ಆದ ಲಾಭ ಏನು?

ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ, ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು ಹತ್ತರವರೆಗೂ ಇದೆ. ಇದರ ಜೊತೆಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕಾಗಿ ನಡೆಯುವ ಎನ್‌ಎಂಎಂಎಸ್ ಪರೀಕ್ಷೆ. ಸರ್ಕಾರಿ, ಅನುದಾನಿತ ಶಾಲೆಯಲ್ಲಿ ಎಂಟನೇ ಕ್ಲಾಸು ಓದುವ, ಕುಟುಂಬದ ವರ್ಷದ ಆದಾಯ 3.5 ಲಕ್ಷ ಮೀರದ ಮಕ್ಕಳು ಬರೆಯಬಹುದು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಅನುದಾನ ರಹಿತ ಖಾಸಗಿ ಶಾಲೆಯ ಮಕ್ಕಳಿಗೆ ಇದು ಇಲ್ಲ.

ಮಗಳು ಈಗಾಗಲೇ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಅಡಿ ಸಿಕ್ಕ ಉಚಿತ ಸೀಟಿನಲ್ಲಿ ಖಾಸಗಿ ಶಾಲೆಯಲ್ಲಿದ್ದರೆ ನೆನಪಿಡಿ, ಆ ಸೌಲಭ್ಯ ಎಂಟಕ್ಕೆ ಮುಗಿಯುತ್ತದೆ. ಒಂಬತ್ತರ ಪೂರ್ತಿ ಫೀಸು ನಿಮ್ಮದೇ. ಬದಲಾಯಿಸುವ ಮನಸ್ಸಿದ್ದರೆ ಎಂಟನೇ ಕ್ಲಾಸಿಗೇ ಬದಲಾಯಿಸಿ. ಒಂಬತ್ತರಲ್ಲಿ ಹೊಸ ಶಾಲೆಗೆ ಬಂದರೆ ಹೊಂದಿಕೊಳ್ಳುವಷ್ಟರಲ್ಲಿ ಹತ್ತು ಬಂದುಬಿಡುತ್ತದೆ.

8. ಮಗಳ ಮಾತು, ಆಮೇಲೆ ಕಾಗದಪತ್ರ

ಇಷ್ಟೆಲ್ಲ ನೋಡಿದ ಮೇಲೆ ಪಟ್ಟಿಯಲ್ಲಿ ಎರಡು ಶಾಲೆ ಉಳಿಯುತ್ತವೆ. ಎರಡಕ್ಕೂ ಮಗಳನ್ನು ಕರೆದುಕೊಂಡು ಹೋಗಿ. ಅವಳಿಗೆ ಗೆಳತಿಯರು ಬೇಕು, ಆಟದ ಬಯಲು ಬೇಕು, ಖೋಖೋ ಆಡಿಸುವ ಪಿಇ ಟೀಚರ್ ಬೇಕು. ಇವು ಸಣ್ಣ ವಿಷಯಗಳಲ್ಲ. ಎರಡೂ ಸಮ ಅನ್ನಿಸಿದರೆ ಅವಳು ಹೇಳಿದ್ದನ್ನೇ ಆರಿಸಿ. ದುಡ್ಡು ಉಳಿಯುವ ಸರ್ಕಾರಿ ಶಾಲೆಯೇ ಆದರೆ, ಉಳಿದದ್ದರಲ್ಲಿ ತಿಂಗಳಿಗೆ ಒಂದಿಷ್ಟನ್ನು ಅವಳ ಹೆಸರಿನಲ್ಲಿ ಪೋಸ್ಟಾಫೀಸಿನ ಆರ್‌ಡಿಗೆ ಕಟ್ಟಿ.

ಸೇರಿಸುವಾಗ ಟಿಸಿ, ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೂ ಕೊಡುವ ಗುರುತಿನ ಸಂಖ್ಯೆ), ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ಹೆಸರಿನ ಅಕ್ಷರ, ಹುಟ್ಟಿದ ದಿನಾಂಕ ಎಲ್ಲದರಲ್ಲೂ ಒಂದೇ ಇದೆಯಾ ಅಂತ ಈಗಲೇ ನೋಡಿ. ಮಾರ್ಕ್ಸ್ ಕಾರ್ಡಿನಲ್ಲಿ ಒಮ್ಮೆ ತಪ್ಪು ಬಂದರೆ ಸರಿಪಡಿಸಲು ಅಲೆಯಬೇಕಾಗುತ್ತದೆ. ಹಳೆಯ ಶಾಲೆ ಟಿಸಿ ಕೊಡಲು ಸತಾಯಿಸಿದರೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಅದರ ಪ್ರತಿಯನ್ನು ಬಿಇಒ ಕಚೇರಿಗೆ ಮುಟ್ಟಿಸಿ.